ಮಾಡು ಹಾರಿದ ಮರುದಿನ: ಮನೆ ವಿಮೆಯ ಕ್ಲೇಮು ಮಾಡುವ ಬಗ್ಗೆ

ಎಲ್ಲರಿಗೂ ನಮಸ್ಕಾರ.

ನಮ್ಮ ಕೊಡಗಿನ ಜೋರು ಮಳೆಯ ಕಕ್ಕಡ ತಿಂಗಳಿಗೆ ಇನ್ನೂ ಸಮಯವಿದೆ. ಈ ಮಾತಿಗೆ ಇದೇ ಸರಿಯಾದ ಹೊತ್ತು. ಕರೆಂಟ್ ಹೋಗಿ, ನಡುಮನೆಯಲ್ಲಿ ಬಕೆಟ್ ಇಟ್ಟುಕೊಂಡು ಕೂತಿರುವಾಗ ಯಾರಿಗೂ ಪಾಲಿಸಿ ಓದುವ ತಾಳ್ಮೆ ಇರುವುದಿಲ್ಲ, ಅಲ್ವಾ?

ನಾನು ವಿಮಾ ಸರ್ವೇಯರ್ ಆಗಿ, ಅಂದರೆ ಕಂಪನಿಯ ಪರವಾಗಿ ಹಾನಿ ನೋಡಿ ಲೆಕ್ಕ ಹಾಕುವವನಾಗಿ ಕೆಲಸ ಮಾಡಿದವನು. ನಾಪೋಕ್ಲು, ಭಾಗಮಂಡಲ, ಗಾಳಿಬೀಡು, ಶಾಂತಳ್ಳಿ ಕಡೆ ಗಾಳಿಗೆ ಹೋದ ಮಾಡುಗಳನ್ನು, ಅಂದರೆ ಮನೆಯ ಛಾವಣಿಗಳನ್ನು, ಏಣಿ ಹತ್ತಿ ನೋಡಿದ್ದೇನೆ. ನೋಡುತ್ತಾ ನೋಡುತ್ತಾ ನನಗೆ ಒಂದು ವಿಷಯ ಖಚಿತವಾಗಿದೆ. ಕ್ಲೇಮಿನ ಹಣೆಬರಹ ಬರೆದು ಮುಗಿಯುವುದು ಗಾಳಿ ನಿಂತ ಮೇಲಿನ ಮೊದಲ ಎರಡು ದಿನದಲ್ಲಿ, ನಿಮ್ಮ ಅಂಗಳದಲ್ಲೇ. ಆಮೇಲೆ ಆಫೀಸುಗಳಲ್ಲಿ ನಡೆಯುವುದೆಲ್ಲ ಅದರ ಮುಂದುವರಿಕೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ವಿಮೆ ದುಡ್ಡು ಕೊಡುವುದು ಗಾಳಿ ಮಾಡಿದ ಹಾನಿಗೆ. ವರ್ಷಗಳು ಮಾಡಿದ ಸವೆತಕ್ಕೆ ಅದು ಕೊಡುವುದಿಲ್ಲ. ನಮ್ಮ ಮಾಡುಗಳ ಮೇಲೆ ಎರಡೂ ಒಟ್ಟಿಗೇ ಇರುತ್ತವೆ. ಹತ್ತು ವರ್ಷದಿಂದ ಒಂದು ಮೂಲೆ ಸೋರುತ್ತಿರುತ್ತದೆ, ಮೊನ್ನೆಯ ಗಾಳಿಗೆ ಇನ್ನೊಂದು ಮೂಲೆ ಹಾರಿರುತ್ತದೆ. ಯಾವುದು ಯಾವುದು ಅಂತ ತೋರಿಸುವ ಸಾಕ್ಷಿ ಮಾಡಿನ ಮೇಲೇ ಇದೆ. ಅದನ್ನು ನಾವೇ ಗುಡಿಸಿ ಎಸೆದುಬಿಡುತ್ತೇವೆ. ನನಗೆ ಜಾಸ್ತಿ ಬೇಸರ ತರುವ ವಿಷಯ ಅದೇ.

ಒಂದು ಮುರಿದ ಮಂಗಳೂರು ಹಂಚನ್ನು ಕೈಗೆತ್ತಿಕೊಳ್ಳಿ. ಮುರಿದ ಅಂಚನ್ನು ನೋಡಿ. ನಿನ್ನೆ ಮೊನ್ನೆ ಮುರಿದದ್ದಾದರೆ ಒಳಗಿನ ಮಣ್ಣು ಕೆಂಪಗೆ, ಚೊಕ್ಕವಾಗಿ ಕಾಣುತ್ತದೆ. ಬೆರಳಲ್ಲಿ ಉಜ್ಜಿದರೆ ಕೆಂಪು ಪುಡಿ ಹತ್ತುತ್ತದೆ. ಹಳೆಯ ಬಿರುಕಾದರೆ ಅಂಚು ಕಪ್ಪಾಗಿರುತ್ತದೆ, ಪಾಚಿ ಒಳಗೆ ಇಳಿದಿರುತ್ತದೆ. ತಗಡಿನ ಶೀಟಿನಲ್ಲೂ ಹಾಗೆ. ಬೋಲ್ಟಿನ ತೂತಿನ ಸುತ್ತ ತಗಡು ಹರಿದು ಹೊಳೆಯುತ್ತಿದ್ದರೆ ಗಾಳಿ ಕಿತ್ತದ್ದು. ತೂತಿನ ಸುತ್ತ ತುಕ್ಕು ತಿಂದು ಅಗಲವಾಗಿದ್ದರೆ ಆ ಶೀಟು ಮೊದಲೇ ಸಡಿಲವಾಗಿತ್ತು. ಹಂಚು ಹೊರುವ ತೊಲೆ ಪಟ್ಟಿಗಳಾದ ಪಕ್ಕಾಸು, ರೀಪು ಮುರಿದಿದ್ದರೆ ಮರದ ಒಳಮೈ ನೋಡಿ. ಬೆಳ್ಳಗೆ ಸೀಳಿದ್ದರೆ ಹೊಸ ಪೆಟ್ಟು, ಗೆದ್ದಲು ಹಿಡಿದು ಪುಡಿಯಾಗಿದ್ದರೆ ಹಳೆಯ ಕಥೆ. ಸರ್ವೇಯರ್ ನೋಡುವುದು ಇದನ್ನೇ. ನೀವೂ ನೋಡಲು ಕಲಿತರೆ ಅವರ ಮುಂದೆ ಧೈರ್ಯವಾಗಿ ನಿಂತು ಮಾತಾಡಬಹುದು.

ಹಾಗಾಗಿ ಗಾಳಿ ನಿಂತ ಕೂಡಲೇ ಮಾಡಬೇಕಾದದ್ದು ಫೋಟೋ. ಮೊದಲು ದೂರದಿಂದ ಇಡೀ ಮನೆ. ಆಮೇಲೆ ನಾಲ್ಕೂ ಕಡೆಯಿಂದ ಮಾಡು. ಆಮೇಲೆ ಹತ್ತಿರದಿಂದ ಹಂಚಿನ ಅಂಚು, ಬೋಲ್ಟಿನ ತೂತು. ಮನೆಯೊಳಗಿಂದ ಮೇಲೆ ನೋಡಿ ಒಂದು, ನೀರು ಬಿದ್ದ ಜಾಗ, ನೆನೆದ ಹಾಸಿಗೆ, ಟಿವಿ, ಫ್ರಿಜ್ಜು. ವಿಡಿಯೋ ಮಾಡುವಾಗ ಬಾಯಲ್ಲೇ ದಿನಾಂಕ, ಸಮಯ ಹೇಳಿ. ಸಿಲ್ವರ್ ಓಕ್ ಮಾಡಿನ ಮೇಲೆ ಬಿದ್ದಿದ್ದರೆ ಅದನ್ನು ಕಡಿಯುವ ಮುಂಚೆ ಬಿದ್ದ ಹಾಗೇ ಫೋಟೋ ತೆಗೆಯಿರಿ, ಬುಡ ಎಲ್ಲಿತ್ತು ಅನ್ನುವುದೂ ಅದರಲ್ಲಿ ಬರಲಿ. ದಯವಿಟ್ಟು ಮಳೆಯಲ್ಲಿ ಮಾಡು ಹತ್ತಬೇಡಿ. ಪಾಚಿ ಕಟ್ಟಿದ ಹಂಚಿನ ಮೇಲೆ ಕಾಲು ನಿಲ್ಲುವುದಿಲ್ಲ. ಕರೆಂಟ್ ತಂತಿ ಮರದ ಜೊತೆ ಬಿದ್ದಿದ್ದರೆ ಚೆಸ್ಕಾಂನವರು ಬಂದು ಲೈನ್ ತೆಗೆಯುವವರೆಗೆ ಹತ್ತಿರವೂ ಹೋಗಬೇಡಿ.

ಫೋಟೋ ಆದ ಮೇಲೆ ಟಾರ್ಪಾಲು ಹಾಕಿ. "ಸರ್ವೇಯರ್ ಬರುವವರೆಗೆ ಏನನ್ನೂ ಮುಟ್ಟಬಾರದಂತೆ" ಅಂತ ಮನೆಯನ್ನು ನೆನೆಯಲು ಬಿಟ್ಟು ಕಾಯುವವರನ್ನು ನೋಡಿದ್ದೇನೆ. ಅದು ತಪ್ಪು. ಹಾನಿ ಹೆಚ್ಚಾಗದ ಹಾಗೆ ನೋಡಿಕೊಳ್ಳುವುದು ಪಾಲಿಸಿದಾರರ ಹೊಣೆ. ತಾತ್ಕಾಲಿಕವಾಗಿ ಮುಚ್ಚಿ, ಟಾರ್ಪಾಲಿಗೂ ಕೂಲಿಗೂ ಬಿಲ್ಲು ಇಟ್ಟುಕೊಳ್ಳಿ. ಕಾಯಂ ರಿಪೇರಿಯನ್ನು ಮಾತ್ರ ಸರ್ವೇ ಮುಗಿಯುವವರೆಗೆ ಶುರು ಮಾಡಬೇಡಿ. ಒಡೆದ ಹಂಚು, ಹರಿದ ಶೀಟು, ಮುರಿದ ಪಕ್ಕಾಸು ಎಲ್ಲವನ್ನೂ ಅಂಗಳದ ಒಂದು ಮೂಲೆಯಲ್ಲಿ ರಾಶಿ ಹಾಕಿಡಿ. ದಾರಿಯ ಗುಂಡಿ ತುಂಬಲು ಅಂತ ಒಡೆದ ಹಂಚನ್ನು ಅದೇ ಸಂಜೆ ಸುರಿದುಬಿಟ್ಟರೆ ನಿಮ್ಮ ಸಾಕ್ಷಿ ರಸ್ತೆಯಲ್ಲಿ ಹೂತುಹೋಯಿತು ಅಂತಲೇ ಲೆಕ್ಕ.

ಅದೇ ದಿನ ಕಂಪನಿಗೆ ತಿಳಿಸಿ. ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿದರೂ ಜೊತೆಗೆ ಒಂದು ಇಮೇಲ್ ಹಾಕಿ, ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ. ಏಜೆಂಟರಿಗೆ ಬಾಯಿಮಾತಿನಲ್ಲಿ ಹೇಳಿ ಸುಮ್ನೆ ಕೂರಬೇಡಿ. ಗುಡ್ಡ ಕುಸಿದು ರಸ್ತೆ ಮುಚ್ಚಿ, ನೆಟ್‌ವರ್ಕ್ ಇಲ್ಲದೆ ತಡವಾದರೆ ಹೆದರಬೇಡಿ. ತಪ್ಪಿಸಲಾಗದ ಕಾರಣಕ್ಕೆ ತಡವಾದಾಗ, ತಡ ಆಯಿತು ಅನ್ನುವ ಒಂದೇ ನೆಪದಲ್ಲಿ ಕ್ಲೇಮು ತಳ್ಳಿಹಾಕಬಾರದು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2011ರಲ್ಲೇ ಕಂಪನಿಗಳಿಗೆ ಹೇಳಿದೆ. ತಡದ ಕಾರಣವನ್ನು ಬರೆದು ಕೊಡಿ, ಸಾಕು.

ಪತ್ರದಲ್ಲಿ ಏನು ಬರೆಯಬೇಕು? ನಡೆದದ್ದನ್ನು ನಡೆದ ಹಾಗೆ. "ಇಂಥ ದಿನ ರಾತ್ರಿ ಬಿರುಗಾಳಿಗೆ ಪಡುವಣ ಕಡೆಯ ಮಾಡಿನ ಹಂಚು ಹಾರಿತು, ಅಲ್ಲಿಂದ ಮಳೆ ನೀರು ಒಳಗೆ ಬಂತು" ಅಂತ ಬರೆಯಿರಿ. ಬರೀ "ಮಳೆಗೆ ಮನೆ ಸೋರಿತು" ಅಂತ ಬರೆದರೆ ಅದು ಹಳೆಯ ಸೋರುವಿಕೆಯ ಹಾಗೆ ಕೇಳಿಸುತ್ತದೆ. ಗಾಳಿ ಮೊದಲು, ನೀರು ಆಮೇಲೆ. ಆ ಕ್ರಮ ಮುಖ್ಯ. ಹಳೆಯ ಸೋರುವ ಮೂಲೆಯನ್ನೂ ಇದರಲ್ಲಿ ಸೇರಿಸುವ ಆಸೆ ಬರುತ್ತದೆ. ಬೇಡ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ, ಇಡೀ ಕ್ಲೇಮು ಹೋಗಬಹುದು.

ಗಾಳಿ ಬೀಸಿದ್ದಕ್ಕೆ ಸಾಕ್ಷಿ ಕೇಳಿದರೆ? ಮರುದಿನದ ಪತ್ರಿಕೆ ಎತ್ತಿಡಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳಿವೆ. ಇನ್ನು ನಮ್ಮ ಬೆಳೆಗಾರರ ಮನೆಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟು ಲೆಕ್ಕದಲ್ಲಿ ಬರೆದಿಡುವ ಪುಸ್ತಕ ಇರುತ್ತದಲ್ಲ, ಅದರ ಆ ವಾರದ ಪುಟವನ್ನೂ ಫೋಟೋ ತೆಗೆದು ಕೊಡಿ. ಅಜ್ಜನ ಕಾಲದಿಂದ ಒಂದು ದಿನವೂ ಬಿಡದೆ ಬರೆದ ಪುಸ್ತಕಗಳನ್ನು ನಾನು ಕಂಡಿದ್ದೇನೆ. ಆ ಶಿಸ್ತಿಗೆ ಬೆಲೆ ಇದೆ.

ಈಗ ಪಾಲಿಸಿಯ ವಿಷಯ. 2021ರ ಏಪ್ರಿಲ್ 1ರಿಂದ ಮನೆಗಳಿಗೆ "ಭಾರತ್ ಗೃಹ ರಕ್ಷಾ" ಅನ್ನುವ ಒಂದೇ ಮಾದರಿಯ ಪಾಲಿಸಿ ಬಂದಿದೆ. ಬಿರುಗಾಳಿ, ನೆರೆ, ಭೂಕುಸಿತ, ಸಿಡಿಲು, ಮರ ಬಿದ್ದು ಆಗುವ ಹಾನಿ ಎಲ್ಲ ಅದರಲ್ಲಿ ಸೇರಿವೆ. ಕಾಂಪೌಂಡ್, ತಡೆಗೋಡೆ, ಸೋಲಾರ್ ಪ್ಯಾನೆಲ್ ಕೂಡ ಮನೆಯ ಭಾಗ ಅಂತಲೇ ಲೆಕ್ಕ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯ ಸಾಮಾನಿಗೂ ಅದರ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ ರಕ್ಷಣೆ ತಾನಾಗಿ ಸಿಗುತ್ತದೆ. ಅವಶೇಷ ಸಾಗಿಸುವ ಖರ್ಚು ಕ್ಲೇಮಿನ ಶೇ. 2ರವರೆಗೆ, ಇಂಜಿನಿಯರ್ ಫೀಸು ಶೇ. 5ರವರೆಗೆ ಕೇಳಬಹುದು. ಇದನ್ನು ಬಹಳ ಜನ ಕೇಳುವುದೇ ಇಲ್ಲ. ಆದರೆ ನೆಲದ ಬೆಲೆ ಯಾವ ಮನೆ ಪಾಲಿಸಿಯಲ್ಲೂ ಬರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಮನೆಯ ಜೊತೆ ಮನೆ ನಿಂತ ಜಾಗವೂ ಹೋಯಿತು. ಅಂಥ ನಷ್ಟವನ್ನು ವಿಮೆ ಪೂರ್ತಿ ತುಂಬುವುದಿಲ್ಲ.

"ನಮ್ಮದು ವಿಮೆ ಇಲ್ಲ" ಅನ್ನುವವರು ಮನೆ ಸಾಲ ಇದ್ದರೆ ಬ್ಯಾಂಕಿನಲ್ಲಿ ಒಮ್ಮೆ ಕೇಳಿ. ಎಷ್ಟೋ ಸಲ ಸಾಲದ ಜೊತೆಗೇ ಮನೆಗೆ ವಿಮೆ ಮಾಡಿಸಿರುತ್ತಾರೆ, ಕಾಗದ ಬ್ಯಾಂಕಿನ ಕಡತದಲ್ಲಿ ಮಲಗಿರುತ್ತದೆ.

ಎಷ್ಟು ಮೊತ್ತಕ್ಕೆ ಮಾಡಿಸಬೇಕು ಅನ್ನುವುದಕ್ಕೆ ಇಂದು ಆ ಮನೆಯನ್ನು ಹೊಸದಾಗಿ ಕಟ್ಟಲು ಎಷ್ಟು ಬೇಕು ಅನ್ನುವುದೇ ಅಳತೆ. ಹಳೆಯ ರೀತಿಯ ಪಾಲಿಸಿಗಳಲ್ಲಿ 40 ಲಕ್ಷದ ಮನೆಗೆ 20 ಲಕ್ಷ ಬರೆಸಿದ್ದರೆ, 2 ಲಕ್ಷದ ಹಾನಿಗೆ ಸಿಗುತ್ತಿದ್ದುದು 1 ಲಕ್ಷ. ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲ. ಆದರೆ ಮನೆಯ ವಿಸ್ತೀರ್ಣವನ್ನು ಸರಿಯಾಗಿ ಬರೆದಿರಬೇಕು.

ನಮ್ಮ ಜಿಲ್ಲೆಗೇ ಅಂಟಿಕೊಂಡ ಒಂದು ತೊಡಕು ಇದೆ. ಜಮ್ಮಾ ಜಾಗದಲ್ಲಿ, ಅಂದರೆ ಕುಟುಂಬಕ್ಕೆ ತಲೆಮಾರಿನಿಂದ ಬಂದ ಜಾಗದಲ್ಲಿ ಮನೆ ಇರುತ್ತದೆ. ಪಹಣಿಯಲ್ಲಿ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ ಹೆಸರು ಇರುತ್ತದೆ, ಅವರು ತೀರಿಕೊಂಡು ಎಷ್ಟೋ ಕಾಲವಾಗಿರುತ್ತದೆ. ಮನೆ ಕಟ್ಟಿದವರು, ವಾಸ ಇರುವವರು, ಪ್ರೀಮಿಯಂ ಕಟ್ಟುವವರು ಬೇರೆ. ಕ್ಲೇಮು ಬಂದಾಗ "ಮನೆ ನಿಮ್ಮದು ಅನ್ನುವುದಕ್ಕೆ ಏನಿದೆ?" ಅಂತ ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಈಗಲೇ ತಯಾರಿರಲಿ. ಪಂಚಾಯಿತಿಯ ಮನೆ ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಕುಟುಂಬದ ಪಾಲು ಪತ್ರ ಇದ್ದರೆ ಅದು. ಇಲ್ಲದಿದ್ದರೆ ಒಕ್ಕದವರು, ಅಂದರೆ ಒಂದೇ ಮನೆತನದವರು, ಒಪ್ಪಿ ಸಹಿ ಹಾಕಿದ ಕಾಗದ. ಪಾಲಿಸಿ ಮಾಡಿಸುವಾಗಲೇ ಈ ಸ್ಥಿತಿಯನ್ನು ಬರೆದು ಕೊಡಿ. ಒಕ್ಕದ ಮೂಲಮನೆಯಾದ ಐನ್‌ಮನೆಗೆ ವಿಮೆ ಮಾಡಿಸುವುದಾದರೆ ಯಾರ ಹೆಸರಲ್ಲಿ, ದುಡ್ಡು ಬಂದರೆ ಯಾರು ಇಸಿದುಕೊಳ್ಳಬೇಕು ಅನ್ನುವುದನ್ನು ಒಕ್ಕದಲ್ಲಿ ಕೂತು ಮೊದಲೇ ತೀರ್ಮಾನಿಸಿ. ಹಂಚು ಹಾರಿದ ಮೇಲೆ ಅಣ್ಣತಮ್ಮಂದಿರ ನಡುವೆ ಆ ಮಾತು ಎತ್ತುವುದು ಬಹಳ ಕಷ್ಟ.

ಹೋಮ್‌ಸ್ಟೇ ನಡೆಸುವವರು ಅದನ್ನು ಮುಚ್ಚಿಡಬೇಡಿ. ವಾಸದ ಮನೆ ಅಂತ ಬರೆಸಿ ಅತಿಥಿಗಳನ್ನು ಇಟ್ಟುಕೊಂಡಿದ್ದರೆ ತಕರಾರು ಬಂದೇ ಬರುತ್ತದೆ. ಬೆಂಗಳೂರಿನಲ್ಲಿದ್ದು ಇಲ್ಲಿಯ ಮನೆಗೆ ಬೀಗ ಹಾಕಿರುವವರೂ ಗಮನಿಸಿ. ಹಳೆಯ ಬೆಂಕಿ ವಿಮೆ ಪಾಲಿಸಿಗಳಲ್ಲಿ ಮನೆ 30 ದಿನಕ್ಕಿಂತ ಜಾಸ್ತಿ ಖಾಲಿ ಇದ್ದರೆ ರಕ್ಷಣೆ ನಿಲ್ಲುವ ಷರತ್ತು ಇತ್ತು. ನಿಮ್ಮದರಲ್ಲಿ ಏನಿದೆ ಓದಿ, ಖಾಲಿ ಇದೆ ಅಂತ ಕಂಪನಿಗೆ ಬರೆದು ತಿಳಿಸಿ.

ಸರ್ವೇಯರ್ ಬಂದಾಗ ಮನೆಯವರಲ್ಲಿ ಒಬ್ಬರು ಜೊತೆಗಿರಬೇಕು. ಮಾಡಿನ ಕೆಲಸ ಗೊತ್ತಿರುವ ಮೇಸ್ತ್ರಿ ಅಥವಾ ಬಡಗಿಯನ್ನು ಕರೆಸಿಕೊಳ್ಳಿ. ಅವರಿಂದ ಬಿಡಿಬಿಡಿಯಾದ ಅಂದಾಜು ಪಟ್ಟಿ ಬರೆಸಿ: ಹಂಚು ಎಷ್ಟು, ಮೂಲೆ ಹಂಚು ಎಷ್ಟು, ರೀಪು ಎಷ್ಟು ಅಡಿ, ಕೂಲಿ ಎಷ್ಟು ಆಳು, ಗುಡ್ಡದ ಮೇಲಿನ ಮನೆಗೆ ಪಿಕಪ್‌ನಲ್ಲಿ ಸಾಮಾನು ಏರಿಸುವ ಬಾಡಿಗೆ ಎಷ್ಟು. "ಮಾಡು ರಿಪೇರಿ, ಒಟ್ಟು ಇಷ್ಟು" ಅನ್ನುವ ಒಂದು ಸಾಲಿನ ಚೀಟಿಯ ಮೇಲೆ ಯಾವ ಸರ್ವೇಯರೂ ಪೂರ್ತಿ ಮೊತ್ತ ಬರೆಯಲಾರರು. ಹಂಚು ತೆಗೆದು ಶೀಟು ಹಾಕಿಸುವ ಯೋಚನೆ ಇದ್ದರೆ ಮೊದಲಿದ್ದ ಸ್ಥಿತಿಗೆ ತರುವ ಖರ್ಚು ಮಾತ್ರ ಸಿಗುತ್ತದೆ, ಅದರ ಮೇಲಿನದು ನಿಮ್ಮ ಕೈಯಿಂದಲೇ.

2024ರ ಜೂನ್‌ನಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸಬೇಕು. ಅವರು 15 ದಿನದಲ್ಲಿ ವರದಿ ಕೊಡಬೇಕು. ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ತಿಳಿಸಬೇಕು. ಜಿಲ್ಲೆಯಿಡೀ ಹಾನಿಯಾದಾಗ ತಡವಾಗುತ್ತದೆ, ನಿಜ. ಆದರೂ ಈ ದಿನಗಳನ್ನು ಪತ್ರದಲ್ಲಿ ನಮೂದಿಸಿ ಕೇಳಿ. ಸರ್ವೇ ವರದಿಯ ಪ್ರತಿಯನ್ನೂ ಕೇಳಿ ಪಡೆಯಿರಿ. ಎಲ್ಲಿ ಎಷ್ಟು ಕಡಿದಿದ್ದಾರೆ, ಯಾಕೆ ಅನ್ನುವುದು ಅದರಲ್ಲಿ ಇರುತ್ತದೆ. ಅದನ್ನು ಓದದೆ ಜಗಳಕ್ಕೆ ಹೋದರೆ ಪ್ರಯೋಜನವಿಲ್ಲ.

ಇದರ ಜೊತೆಗೇ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ ಮಹಜರು, ಅಂದರೆ ಸ್ಥಳ ನೋಡಿ ಬರೆಯುವ ವರದಿ, ಮಾಡಿಸಿ. ಸರ್ಕಾರದ ವಿಪತ್ತು ಪರಿಹಾರ ನಿಧಿಯ 2022-26ರ ನಿಯಮದಲ್ಲಿ ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ ಇತ್ತು, ಅದೂ ಹಾನಿ ಕನಿಷ್ಠ ಶೇ. 15 ಇದ್ದರೆ. ಒಂದು ಮಾಡು ಎಬ್ಬಿಸಲು ಇದು ಎಲ್ಲಿ ಸಾಕು? ಆದರೆ ಆ ಮಹಜರಿನ ಕಾಗದ ನಿಮ್ಮ ಕ್ಲೇಮಿಗೆ ಬಲವಾದ ಆಧಾರ.

ಕ್ಲೇಮು ತಿರಸ್ಕರಿಸಿದರೆ, ಅಥವಾ ತೀರಾ ಕಡಿಮೆ ಕೊಟ್ಟರೆ, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. 50 ಲಕ್ಷದವರೆಗಿನ ವಿವಾದ ಅಲ್ಲಿ ಬರುತ್ತದೆ. ಫೀಸು ಇಲ್ಲ, ವಕೀಲರೂ ಬೇಡ. ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ, ಅಲ್ಲಿಗೆ ಎರಡು ವರ್ಷದೊಳಗೆ ದೂರು ಕೊಡಬಹುದು. ಚೆಕ್ ಕೊಡುವ ಮುಂಚೆ "ಪೂರ್ಣ ಮತ್ತು ಅಂತಿಮ" ಅಂತ ಬರೆದ ರಸೀದಿಗೆ ಸಹಿ ಕೇಳುತ್ತಾರೆ. ಮೊತ್ತ ಒಪ್ಪಿಗೆ ಇಲ್ಲದಿದ್ದರೆ "ಆಕ್ಷೇಪಣೆಯೊಂದಿಗೆ" ಅಂತ ನಿಮ್ಮ ಕೈಯಲ್ಲೇ ಬರೆದು ಆಮೇಲೆ ಸಹಿ ಹಾಕಿ.

ಇನ್ನು ಮಳೆ ಹಿಡಿಯುವ ಮುಂಚೆ ಮಾಡಬಹುದಾದದ್ದು. ಪ್ರತಿ ವರ್ಷ ಹೇಗೂ ಹಂಚು ಕೈಯಾಡಿಸುತ್ತೀರಿ. ಕೆಲಸ ಮುಗಿದ ದಿನ ಮೊಬೈಲಿನಲ್ಲಿ ಮಾಡಿನ ನಾಲ್ಕು ಫೋಟೋ ತೆಗೆಯಿರಿ, ಮೇಸ್ತ್ರಿಗೆ ಕೊಟ್ಟ ಕೂಲಿಗೆ ರಸೀದಿ ಬರೆಸಿಕೊಳ್ಳಿ. ಜೂನ್‌ಗೆ ಮುಂಚೆ ಮಾಡು ಗಟ್ಟಿಯಾಗಿತ್ತು ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ದಾಖಲೆ ನಾನು ಕಂಡಿಲ್ಲ. ಪಾಲಿಸಿ ಮತ್ತು ಆ ಫೋಟೋಗಳನ್ನು ಊರಿನ ಹೊರಗಿರುವ ಮಗನಿಗೋ ಮಗಳಿಗೋ ಕಳಿಸಿಡಿ. ಮನೆಯೇ ನೆನೆದಾಗ ಕಪಾಟಿನ ಕಾಗದವೂ ನೆನೆಯುತ್ತದೆ.

ಪಾಲಿಸಿ ಕಾಗದ ತಂದಿರುವವರು ಚಹಾದ ಹೊತ್ತಿಗೆ ಈ ಮೇಜಿನ ಹತ್ತಿರ ಬನ್ನಿ. ವಿಸ್ತೀರ್ಣ, ಹೆಸರು, ಮಾಡಿನ ವಿವರ ಸರಿ ಇದೆಯಾ ಅಂತ ಒಟ್ಟಿಗೆ ನೋಡೋಣ.