ಎರಡನೇ ಚರಣ

ನಮಸ್ಕಾರ. ಇವತ್ತು ಮೊದಲು ನನ್ನದೇ ಒಂದು ಮರ್ಯಾದೆ ಹೋಗೋ ವಿಷಯ ಹೇಳಿಬಿಡುತ್ತೇನೆ.

ಕಳೆದ ವಾರ ಹಳೇ ಹಾರ್ಡ್ ಡಿಸ್ಕ್ ಒಂದನ್ನು ತೆರೆದೆ. ನಾನು 21ನೇ ವಯಸ್ಸಿನಲ್ಲಿ ಬರೆದು, ರಾಗ ಹಾಕಿ, ನಾನೇ ಹಾಡಿದ ಒಂದು ಹಾಡು ಸಿಕ್ಕಿತು. ಇಯರ್‌ಫೋನ್ ಹಾಕಿಕೊಂಡು ಕೂತೆ. ಪಲ್ಲವಿ ಚೆನ್ನಾಗಿಯೇ ಇತ್ತು. ಮೊದಲ ಚರಣ ಪರವಾಗಿಲ್ಲ. ಎರಡನೇ ಚರಣ ಶುರುವಾಯಿತು ನೋಡಿ, ನನಗೇ ನಾಚಿಕೆ ಆಗಿ ನಿಲ್ಲಿಸಿಬಿಟ್ಟೆ. ಮಳೆ, ಕನಸು, ದಾರಿ, ಕಣ್ಣೀರು. ಪ್ರಾಸಕ್ಕೆ ಸಿಕ್ಕಿದ್ದನ್ನೆಲ್ಲ ತುರುಕಿದ್ದೇನೆ. ಹೇಳೋಕೆ ಇದ್ದದ್ದು ಮೊದಲ ಚರಣದಲ್ಲೇ ಮುಗಿದುಹೋಗಿತ್ತು. ಆದರೆ ಹಾಡು ಮೂರೂವರೆ ನಿಮಿಷ ಇರಬೇಕಲ್ಲ, ಅದಕ್ಕೆ ಎಳೆದಿದ್ದೇನೆ.

ಇದರ ಹಿಂದೆ ಇನ್ನೊಂದು ಕಥೆ ಇದೆ. ಆಗ ಇದನ್ನು ಒಂದು ಮ್ಯೂಸಿಕ್ ಕಂಪನಿಗೆ ಕಳಿಸಿದ್ದೆ. ಅಲ್ಲಿದ್ದ ಒಬ್ಬರು ಪೂರ್ತಿ ಕೇಳಿ, "ಎರಡನೇ ಚರಣ ಬೇರೆ ಬರೆದುಕೊಂಡು ಬನ್ನಿ" ಎಂದರು. ಅಷ್ಟೇ. ನಾನು ಎಷ್ಟು ಉರಿದುಹೋದೆ ಅಂದರೆ, ಮುಂದಿನ ನಾಲ್ಕೈದು ವರ್ಷ ಸಿಕ್ಕವರಿಗೆಲ್ಲ ಅದೇ ಕಥೆ. ಇವರಿಗೆ ಸಂಗೀತ ಗೊತ್ತಿಲ್ಲ, ಹೊಸಬರನ್ನು ಬೆಳೆಯೋಕೆ ಬಿಡಲ್ಲ, ಇತ್ಯಾದಿ. ಆ ವರ್ಷಗಳಲ್ಲಿ ನಾನು ಎಷ್ಟು ಹಾಡು ಬರೆದೆ ಗೊತ್ತಾ? ಮೂರು. ಮೂರರಲ್ಲೂ ಎರಡನೇ ಚರಣ ಸಪ್ಪೆ.

"ಹಾಡ್ತಾ ಹಾಡ್ತಾ ರಾಗ" ಅಂತ ನಾವೆಲ್ಲ ಹೇಳುತ್ತೇವೆ. ಆ ಗಾದೆಯ ಉಳಿದರ್ಧ ಮರೆತೇ ಬಿಡುತ್ತೇವೆ. ನರಳ್ತಾ ನರಳ್ತಾ ರೋಗ. ಗಾದೆ ಮಾಡಿದವರು ಎರಡನ್ನೂ ಪಕ್ಕಪಕ್ಕ ಇಟ್ಟಿದ್ದು ಸುಮ್ನೆ ಅಲ್ಲ. ಎರಡೂ ದಿನಾ ಮಾಡೋ ಅಭ್ಯಾಸವೇ. ನಾನು ಆ ವರ್ಷಗಳಲ್ಲಿ ಹಾಡೋದಕ್ಕಿಂತ ನರಳೋದನ್ನೇ ಜಾಸ್ತಿ ಅಭ್ಯಾಸ ಮಾಡಿದ್ದೆ. ಅದಕ್ಕೆ "ಛಲ" ಅಂತ ಹೆಸರು ಬೇರೆ ಇಟ್ಟುಕೊಂಡಿದ್ದೆ.

ನನ್ನ ತಕರಾರು ಇರೋದು ಇಲ್ಲೇ. ಸಂಗೀತದಲ್ಲಿ ಛಲದ ಬಗ್ಗೆ ಮಾತಾಡುವಾಗೆಲ್ಲ ನಾವು ಗೆದ್ದವರ ಕಡೆಯಿಂದ ಕಥೆ ಹೇಳುತ್ತೇವೆ. ಕೆನಡಾದ ಗಾಯಕ, ಹಾಡು ಬರೆಯೋ ಲೆನರ್ಡ್ ಕೋಹೆನ್ ಅವರ 1984ರ ಆಲ್ಬಮ್ಮನ್ನು ಅವರ ಕಂಪನಿಯೇ ಅಮೆರಿಕದಲ್ಲಿ ಬಿಡುಗಡೆ ಮಾಡಲಿಲ್ಲ, ಅದರಲ್ಲೇ "ಹಾಲೆಲೂಯ" ಇತ್ತು, ನೋಡಿ ಎಂಥಾ ಮೂರ್ಖರು ಅಂತ. ಕಥೆ ನಿಜ. ಆದರೆ ಅದನ್ನು ಕೇಳಿದ ಪ್ರತಿಯೊಬ್ಬನೂ ತನ್ನನ್ನು ಬೇಡ ಅಂದವರೂ ಮೂರ್ಖರೇ ಅಂದುಕೊಳ್ಳುತ್ತಾನೆ. ನಾನು ಅಂದುಕೊಂಡೆ. ಆ ಹಾಡಿಗಾಗಿ ಕೋಹೆನ್ ವರ್ಷಗಟ್ಟಲೆ ಕೂತು ರಾಶಿ ರಾಶಿ ಚರಣ ಬರೆದು ಬಿಸಾಕಿದ್ದರು ಅನ್ನೋ ಭಾಗ ಮಾತ್ರ ನನ್ನ ಕಿವಿಗೆ ಬೀಳಲೇ ಇಲ್ಲ.

ನನಗೆ ಇಷ್ಟವಾಗೋ ಕಥೆ ಅಮೆರಿಕದ ಗಾಯಕ ಬಿಲ್ ವಿದರ್ಸ್ ಅವರದು. ಇವರು ಹುಟ್ಟಿದ್ದು 1938ರಲ್ಲಿ. ಚಿಕ್ಕಂದಿನಿಂದ ಮಾತು ತೊದಲುತ್ತಿತ್ತು. ಅಮೆರಿಕದ ನೌಕಾಪಡೆಯಲ್ಲಿ 9 ವರ್ಷ ಕೆಲಸ ಮಾಡಿದರು. ಆಮೇಲೆ ಲಾಸ್ ಏಂಜಲೀಸ್‌ಗೆ ಬಂದು ವಿಮಾನದ ಬಿಡಿಭಾಗ ಮಾಡೋ ಫ್ಯಾಕ್ಟರಿ ಸೇರಿದರು. ಏನು ಕೆಲಸ ಅಂತೀರಾ? ಬೋಯಿಂಗ್ 747ಕ್ಕೆ ಟಾಯ್ಲೆಟ್ ತಯಾರಿಸೋದು. ಹಗಲು ಟಾಯ್ಲೆಟ್, ರಾತ್ರಿ ಹಾಡು. ಸಂಬಳ ಉಳಿಸಿ ಡೆಮೋ, ಅಂದರೆ ಕಂಪನಿಗಳಿಗೆ ಕೇಳಿಸೋ ಮಾದರಿ ಹಾಡು, ರೆಕಾರ್ಡ್ ಮಾಡಿಸುತ್ತಿದ್ದರು.

ಮೊದಲ ಆಲ್ಬಮ್ ಬಂದಿದ್ದು 1971ರಲ್ಲಿ, ಆಗ ವಯಸ್ಸು 32. ಅದರ ಮುಖಪುಟದ ಫೋಟೋ ಹುಡುಕಿ ನೋಡಿ. ಫ್ಯಾಕ್ಟರಿಯಲ್ಲಿ ಬಿಡುವಿನ ಹೊತ್ತಿನಲ್ಲಿ ತೆಗೆದದ್ದು. ಕೈಯಲ್ಲಿ ಊಟದ ಡಬ್ಬಿ. ಪೋಸ್ ಕೊಡೋಕೆ ಯಾರೋ ತಂದುಕೊಟ್ಟಿದ್ದಲ್ಲ, ಅವರದೇ ಡಬ್ಬಿ. ಆ ಆಲ್ಬಮ್ಮಿನ ಒಂದು ಹಾಡು ಹಿಟ್ ಆಗುವ ಸೂಚನೆ ಕಂಡ ಮೇಲೂ ಕೆಲಸ ಬಿಡೋಕೆ ಅವರಿಗೆ ಧೈರ್ಯ ಬರಲಿಲ್ಲ. ಧೈರ್ಯ ಬರಲಿಲ್ಲ ಅನ್ನೋದು ತಪ್ಪು, ಬುದ್ಧಿ ಇತ್ತು ಅನ್ನಬೇಕು. ಈ ಸಂಗೀತದ ವ್ಯಾಪಾರ ಇವತ್ತು ಇದ್ದ ಹಾಗೆ ನಾಳೆ ಇರಲ್ಲ ಅಂತ ಅವರಿಗೆ ಗೊತ್ತಿತ್ತು. ಆಮೇಲೆ ಹಾಡು ಲಕ್ಷಗಟ್ಟಲೆ ಮಾರಾಟವಾಗಿ "ಗೋಲ್ಡ್" ಅನ್ನಿಸಿಕೊಂಡಾಗ ಕಂಪನಿಯವರು ಅವರಿಗೆ ಬಂಗಾರದ ಬಣ್ಣದ ಟಾಯ್ಲೆಟ್ ಒಂದನ್ನು ಉಡುಗೊರೆ ಕೊಟ್ಟರಂತೆ. ಇಂಥ ತಮಾಷೆ ತಡೆದುಕೊಳ್ಳೋಕೂ ಒಂದು ಪ್ರಾಯ ಬೇಕು.

ಈ "ಕೆಲಸ ಬಿಟ್ಟು ಕನಸಿನ ಹಿಂದೆ ಓಡು" ಅನ್ನೋ ಉಪದೇಶ ಇದೆಯಲ್ಲ, ಅದು ಎಷ್ಟು ಒಳ್ಳೇ ಹಾಡುಗಳನ್ನು ಕೊಂದಿದೆಯೋ. ಬಾಡಿಗೆಯ ಚಿಂತೆ ತಲೆಯಲ್ಲಿದ್ದರೆ ನಾಳೆಯೇ ಹಿಟ್ ಆಗೋ ಹಾಡನ್ನೇ ಬರೆಯಬೇಕು ಅನಿಸುತ್ತದೆ. ಸಂಬಳ ಬರುತ್ತಿದ್ದರೆ ಒಂದು ಸಾಲಿಗೆ ಎರಡು ತಿಂಗಳು ಕಾಯಬಹುದು. ಆ ಊಟದ ಡಬ್ಬಿ ವಿದರ್ಸ್‌ಗೆ ಕಾಯುವ ಸ್ವಾತಂತ್ರ್ಯ ಕೊಟ್ಟಿತ್ತು.

ಆ ಹಿಟ್ ಹಾಡು "ಏಂಟ್ ನೋ ಸನ್‌ಶೈನ್". ಮಧ್ಯದಲ್ಲಿ ಒಂದು ಕಡೆ "ಐ ನೋ, ಐ ನೋ" ಅಂತ 26 ಸಲ ಬರುತ್ತದೆ. ಅಲ್ಲಿ ಇನ್ನೊಂದು ಚರಣ ಬರೆಯಬೇಕು ಅಂತ ಅವರು ಜಾಗ ಬಿಟ್ಟಿದ್ದರು, ಅಷ್ಟೇ. ಸ್ಟುಡಿಯೋದಲ್ಲಿದ್ದವರು, ಬೇಡ, ಹೀಗೇ ಇರಲಿ ಎಂದರು. ಪ್ರೊಡ್ಯೂಸರ್ ಬೂಕರ್ ಟಿ. ಜೋನ್ಸ್. ಜೊತೆಗಿದ್ದವರೆಲ್ಲ ಪಳಗಿದ ಕೈಗಳು. ಫ್ಯಾಕ್ಟರಿಯಿಂದ ಬಂದ ಹೊಸಬ ಅವರ ಮಾತು ಕೇಳಿ ಹಾಗೇ ಬಿಟ್ಟ. ಈಗ ಆ ಹಾಡು ಅಂದರೆ ಎಲ್ಲರಿಗೂ ಮೊದಲು ನೆನಪಾಗೋದು ಅದೇ ಜಾಗ.

ನನಗೆ ಹೊಟ್ಟೆಕಿಚ್ಚು ಆಗೋದು ಇದಕ್ಕೇ. ಅವರಿಗೆ ಒಬ್ಬರು "ಬರೀಬೇಡ" ಎಂದರು, ಕೇಳಿದರು. ನನಗೆ ಒಬ್ಬರು "ಬರೀರಿ" ಎಂದರು, ನಾನು ಕೇಳಲಿಲ್ಲ. ಯಾವ ಮಾತು ಕೇಳಬೇಕು, ಯಾವುದನ್ನು ಬಿಡಬೇಕು ಅನ್ನೋದು ತಿಳಿಯೋಕೆ ಮೊದಲು ನಮ್ಮ ಹಾಡು ನಮಗೆ ಸರಿಯಾಗಿ ಕೇಳಿಸಬೇಕು. ಗಂಟಲು ಸಾಧನೆಯಿಂದ ಪಳಗುತ್ತದೆ. ಕಿವಿ ಪಳಗೋಕೆ ನನಗಂತೂ ಇನ್ನೂ ಜಾಸ್ತಿ ಕಾಲ ಹಿಡಿಯಿತು.

ಇನ್ನೊಬ್ಬರ ಬಗ್ಗೆ ಹೇಳಲೇಬೇಕು. ಕೆನಡಾದ ಗಾಯಕಿ ಜೋನಿ ಮಿಚೆಲ್. ಒಂಬತ್ತನೇ ವಯಸ್ಸಿನಲ್ಲಿ ಪೋಲಿಯೋ ಆಗಿ ಎಡಗೈಗೆ ಶಕ್ತಿ ಕಮ್ಮಿ. ಗಿಟಾರಿನಲ್ಲಿ ಎಲ್ಲರೂ ಹಿಡಿಯೋ ಕಾರ್ಡ್, ಅಂದರೆ ಸ್ವರಗುಚ್ಛಗಳನ್ನು ಹಿಡಿಯೋದು ಕಷ್ಟ. ಅದಕ್ಕೆ ಗಿಟಾರಿನ ತಂತಿಗಳನ್ನೇ ಬೇರೆ ಬೇರೆ ಥರ ಶ್ರುತಿ ಮಾಡಿಕೊಂಡರು. ಅವರ ಹಾಡು ಯಾರ ಹಾಡಿನ ಹಾಗೂ ಕೇಳಿಸದೇ ಇರೋದಕ್ಕೆ ಇದೂ ಒಂದು ಕಾರಣ.

"ಬೋತ್ ಸೈಡ್ಸ್ ನೌ" ಬರೆದಾಗ ಅವರಿಗೆ ಇಪ್ಪತ್ತರ ಮೇಲೆ ಮೂರೋ ನಾಲ್ಕೋ. ಪ್ರೀತಿ, ಬದುಕು ಎರಡನ್ನೂ ಎರಡೂ ಕಡೆಯಿಂದ ನೋಡಿದ್ದೇನೆ ಅನ್ನೋ ಅರ್ಥದ ಹಾಡು. ಆ ವಯಸ್ಸಿಗೆ ಏನು ನೋಡಿರುತ್ತಾರೆ, ಅಲ್ವಾ? 1969ರ ರೆಕಾರ್ಡಿಂಗ್ ಕೇಳಿ. ದನಿ ತೆಳ್ಳಗೆ, ಎತ್ತರದಲ್ಲಿ ಹಾರುತ್ತದೆ. ಆಮೇಲೆ 2000ದಲ್ಲಿ ದೊಡ್ಡ ಆರ್ಕೆಸ್ಟ್ರಾ ಜೊತೆ ಅವರೇ ಮತ್ತೆ ಹಾಡಿದ್ದು ಕೇಳಿ. ದನಿ ಕೆಳಗಿಳಿದಿದೆ, ಒರಟಾಗಿದೆ, ಉಸಿರು ಭಾರ. ಸಾಲುಗಳು ಅವೇ. ಆದರೆ ಈ ಸಲ ನಂಬಿಕೆ ಬರುತ್ತದೆ. ಹೋದ ಎತ್ತರದ ಸ್ವರಗಳನ್ನು ಅವರು ಹುಡುಕಿಕೊಂಡು ಹೋಗಿಲ್ಲ. ಇರೋ ದನಿಯಲ್ಲೇ ಹಾಡಿದ್ದಾರೆ.

2015ರಲ್ಲಿ ಅವರಿಗೆ ಮೆದುಳಿನ ರಕ್ತನಾಳದ ತೊಂದರೆ ಆಯಿತು. ನಡೆಯೋದರಿಂದ ಹಿಡಿದು ಎಲ್ಲವನ್ನೂ ಮೊದಲಿಂದ ಕಲಿಯಬೇಕಾಯಿತು. ಗಿಟಾರ್ ಕೂಡ. ಹೇಗೆ ಕಲಿತರು ಗೊತ್ತಾ? ಇಂಟರ್ನೆಟ್‌ನಲ್ಲಿ ತಮ್ಮದೇ ಹಳೇ ವೀಡಿಯೋ ಹಾಕಿಕೊಂಡು, ಬೆರಳು ಎಲ್ಲಿಡುತ್ತಿದ್ದೆ ಅಂತ ನೋಡಿ. ತನ್ನ ಶಿಷ್ಯೆ ತಾನೇ ಆಗೋದು ಅಂದರೆ ಇದು. 2022ರ ಜುಲೈನಲ್ಲಿ ಅಮೆರಿಕದ ನ್ಯೂಪೋರ್ಟ್ ಫೋಕ್ ಫೆಸ್ಟಿವಲ್ ಅನ್ನೋ ಸಂಗೀತೋತ್ಸವದ ವೇದಿಕೆಯಲ್ಲಿ ಕೂತು ಹಾಡಿದರು. 2024ರಲ್ಲಿ, 80ನೇ ವಯಸ್ಸಿನಲ್ಲಿ, ಗ್ರ್ಯಾಮಿ ಸಂಗೀತ ಪ್ರಶಸ್ತಿಯ ವೇದಿಕೆಯಲ್ಲಿ ಮತ್ತೆ ಅದೇ "ಬೋತ್ ಸೈಡ್ಸ್ ನೌ".

ಹಾಗಂತ ಎಲ್ಲರೂ 80ರವರೆಗೆ ಹಾಡಲೇಬೇಕು ಅಂತಲ್ಲ. ವಿದರ್ಸ್ 1985ರ ಆಲ್ಬಮ್ ಆದಮೇಲೆ ಸಾಕು ಅಂತ ಎದ್ದು ಹೋದರು. 2020ರಲ್ಲಿ ತೀರಿಕೊಳ್ಳುವವರೆಗೆ ಹೊಸ ಆಲ್ಬಮ್ ತರಲಿಲ್ಲ. ಅದನ್ನು ಸೋಲು ಅನ್ನೋಕೆ ನನಗೆ ಬಾಯಿ ಬರಲ್ಲ.

ಇನ್ನು ಪ್ಲೇ ಕೌಂಟ್, ಅಂದರೆ ನಮ್ಮ ಹಾಡನ್ನು ಎಷ್ಟು ಸಲ ಹಾಕಿ ಕೇಳಿದ್ದಾರೆ ಅನ್ನೋ ಲೆಕ್ಕದ ವಿಷಯ. ಅದನ್ನು ಗಂಟೆಗೊಂದು ಸಲ ನೋಡಬೇಡಿ ಅಂತ ಹೇಳೋ ಯೋಗ್ಯತೆ ನನಗಿಲ್ಲ. ಈ ವೀಡಿಯೋದ್ದನ್ನು ನಾನೂ ನೋಡುತ್ತೇನೆ.

ಆ ಹಳೇ ಹಾಡಿಗೆ ವಾಪಸ್ ಬರುತ್ತೇನೆ. ಸೋಮವಾರದಿಂದ ಅದನ್ನು ಎತ್ತಿಕೊಂಡು ಕೂತಿದ್ದೇನೆ. ಮೊದಲು ಶ್ರುತಿ ಇಳಿಸಬೇಕಾಯಿತು, ಆಗಿನ ಎತ್ತರ ಈಗ ಸಿಗಲ್ಲ. ಮಳೆ, ಕನಸು, ದಾರಿ, ಕಣ್ಣೀರು, ನಾಲ್ಕನ್ನೂ ಹೊಡೆದು ಹಾಕಿದ್ದೇನೆ. ಎರಡು ಹೊಸ ಸಾಲು ಬಂದಿವೆ, ಅದರಲ್ಲಿ ಒಂದು ನಿನ್ನೆ ರಾತ್ರಿ ಚೆನ್ನಾಗಿತ್ತು, ಬೆಳಿಗ್ಗೆ ಎದ್ದು ಹಾಡಿದರೆ ಚೆನ್ನಾಗಿರಲಿಲ್ಲ. ಸದ್ಯಕ್ಕೆ ಆ ಜಾಗದಲ್ಲಿ "ತಾನನಾ" ಅಂತ ಹಾಡಿಕೊಳ್ಳುತ್ತಿದ್ದೇನೆ. ಹಾಗೇ ಬಿಡಬಹುದಾ ಅಂತ ಒಂದು ಸಲ ಯೋಚನೆ ಬಂತು. ಇಲ್ಲ, ನನ್ನ ತಾನನಾ ಅಷ್ಟು ಚೆನ್ನಾಗಿಲ್ಲ.

ಮೈಕ್ ಆಫ್ ಮಾಡುತ್ತೇನೆ. ಗಿಟಾರಿನ ಮೂರನೇ ತಂತಿ ಬೆಳಿಗ್ಗೆಯಿಂದ ಶ್ರುತಿ ಬಿಡುತ್ತಾ ಇದೆ, ಬದಲಾಯಿಸಬೇಕು.