ಆಚೆಯ ಗದ್ದೆ, ಹತ್ತು ಮಯಾಮ್ ಚಿನ್ನ

ಟಕ್ ಟಕ್ ಅಂತ ಕೇಳಿಸ್ತಿದೆಯಲ್ಲ, ಅದು ಮೈಕ್ ತೊಂದರೆ ಅಲ್ಲ. ಮುಲಿಯೆಂಗ್ (ಮೆಲಿಂಜೊ) ಮರದ ಬೀಜ ಹಪ್ಪಳಕ್ಕೆ ಜಜ್ಜೋ ಸದ್ದು. ಇಂಡೋನೇಷ್ಯಾದ ಆಚೆ ಪ್ರಾಂತ್ಯ, ಪಿದಿಯೆ ಜಿಲ್ಲೆ. ಸುಮಾತ್ರಾದ ವಾಯವ್ಯ ಮೂಲೆ. ‘ಆಚೆ ಎಲ್ಲಿದೆ’ ಅಂತ ಯಾರಾದ್ರೂ ಕೇಳಿದರೆ ‘ನಿಕೋಬಾರಿನ ಆಚೆ’ ಅಂದುಬಿಡಿ, ತಪ್ಪೇನಾಗಲ್ಲ.

ಬೀಜ ಬಿಸಿ ಮರಳಲ್ಲಿ ಹುರಿದಾಯ್ತು, ಸಿಪ್ಪೆ ಒಡೆದಾಯ್ತು, ನೋಡ್ತಾ ಇದ್ದೀರಿ. ನೋಡಿದರೆ ಗೊತ್ತಾಗದ್ದು ಒಂದೇ: ಕಾಳು ಬಿಸಿ ಇರುವಾಗಲೇ ಕಲ್ಲಿನ ಮೇಲಿಟ್ಟು ಸುತ್ತಿಗೆ ಹಾಕಬೇಕು. ಆರಿದರೆ ಒಡೆದು ಚೂರಾಗುತ್ತೆ, ಹಪ್ಪಳ ಆಗಲ್ಲ. ಅದಕ್ಕೇ ಆ ಅಕ್ಕ ತಲೆ ಎತ್ತಿ ಕ್ಯಾಮೆರಾ ನೋಡ್ತಾ ಇಲ್ಲ. ಸರಿಯಾಗಿಯೇ ಇದ್ದಾರೆ.

ಹಿಂದಿರೋ ಮನೆ ನೋಡಿ. ರುಮೊ ಆಚೆ. ಆಳೆತ್ತರಕ್ಕಿಂತ ಮೇಲೆ, ಕಂಬಗಳ ಮೇಲೆ ನಿಂತ ಮರದ ಮನೆ. ಮೂರು ಅಂಕಣಕ್ಕೆ 16 ಕಂಬ, ಐದು ಅಂಕಣಕ್ಕೆ 24. ಮೊಳೆ ಇಲ್ಲ, ತೊಲೆ ಕಂಬದೊಳಗೆ ತೂರಿ ಬೆಣೆ ಹೊಡೆದಿರ್ತಾರೆ. ಛಾವಣಿಗೆ ಸಾಗೋ ತಾಳೆಯ ಗರಿ; ಬೆಂಕಿ ಬಿದ್ದರೆ ಕಟ್ಟಿದ ಹಗ್ಗ ಕಡಿದು ಇಡೀ ಛಾವಣಿ ಕೆಳಗೆ ಜಾರಿಸಬಹುದು. ಈಗ ಊರಲ್ಲಿ ಹೆಚ್ಚಿನವು ಸಿಮೆಂಟು, ಜಿಂಕ್ ಶೀಟು. ಬೇಸಿಗೆಯಲ್ಲಿ ಒಳಗೆ ಕೂತು ನೋಡಿ, ಹಳೆ ಮನೆ ಯಾಕೆ ಹಾಗಿತ್ತು ಅಂತ ಯಾರೂ ವಿವರಿಸಬೇಕಾಗಲ್ಲ.

ಬೆಣೆ ಕಿತ್ತರೆ ಮನೆ ಬಿಚ್ಚಿಕೊಳ್ಳುತ್ತೆ. ಬಿಚ್ಚಿ, ಸಾಗಿಸಿ, ಇನ್ನೊಂದು ಕಡೆ ನಿಲ್ಲಿಸಬಹುದು. ಹಾಗಾಗಿ ಇಲ್ಲಿ ಮನೆ ಒಂದು ಆಸ್ತಿ, ಅದರ ಕೆಳಗಿನ ನೆಲ ಇನ್ನೊಂದು ಆಸ್ತಿ.

ಮನೆ ಯಾರದ್ದು? ಹೆಂಡತಿಯದ್ದು. ಹೆಂಡತಿಗೆ ಇಲ್ಲಿನ ಮಾತೇ ‘ಪೊ ರುಮೊ’, ಮನೆಯೊಡತಿ. ಪಿದಿಯೆ, ಆಚೆ ಬೆಸಾರ್ ಕಡೆ ಮದುವೆಯಾದ ಗಂಡು ಹೆಂಡತಿ ಊರಿಗೆ ಬರ್ತಾನೆ. ಮಗಳಿಗೆ ಅಪ್ಪ ಅಮ್ಮ ಮನೆ ಕೊಡ್ತಾರೆ, ಕೆಲವರು ಒಂದು ತುಂಡು ಗದ್ದೆಯನ್ನೂ ಸೇರಿಸ್ತಾರೆ. ಅದಕ್ಕೆ ‘ಪೆನುಲಾಂಗ್’ ಅಂತ ಹೆಸರು. ಎರಡನೇ ಮಗಳ ಮದುವೆ ಬಂತು ಅಂದರೆ ಪಕ್ಕದಲ್ಲೇ ಇನ್ನೊಂದು ಮನೆ. ಹೀಗೆ ಅಕ್ಕತಂಗಿಯರ ಮನೆಗಳು ಒಂದೇ ಅಂಗಳದ ಸುತ್ತ.

ಅಳಿಯಸಂತಾನ ಅಂತ ಕೂಗೋಕೆ ಹೊರಟ ಮಂಗಳೂರಿನವರೇ, ತಡೀರಿ. ಸತ್ತ ಮೇಲಿನ ಪಾಲು ಫರಾಯಿಧ್, ಅಂದರೆ ಇಸ್ಲಾಮಿನ ಆಸ್ತಿ ಹಂಚಿಕೆ ನಿಯಮದ ಪ್ರಕಾರ: ಮಗನಿಗೆ ಎರಡು, ಮಗಳಿಗೆ ಒಂದು. ಅದಕ್ಕೇ ಮನೆಯನ್ನ ಬದುಕಿರುವಾಗಲೇ ದಾನ ಮಾಡಿಬಿಡೋದು. ದಾನ ಕೊಟ್ಟದ್ದು ಪಾಲಿನ ಲೆಕ್ಕಕ್ಕೆ ಬರಲ್ಲ. ಶಾಸ್ತ್ರಾನೂ ಉಳೀತು, ಮಗಳಿಗೆ ಸೂರೂ ಆಯ್ತು. ಎಡವಟ್ಟಾಗೋದು ಒಂದೇ ಕಡೆ: ಸಾಕ್ಷಿ ಇಲ್ಲದೆ ಬಾಯಿಮಾತಲ್ಲಿ ಕೊಟ್ಟರೆ. ಅಪ್ಪ ಹೋದ ವಾರಕ್ಕೇ ಅಣ್ಣಂದಿರು ‘ಅದೂ ಪಾಲಿಗೆ ಸೇರಬೇಕು’ ಅಂತಾರೆ.

ಆ ಹಸು ಶಾಟಿಗೆ ಅಡ್ಡ ಬಂತು. ಬರಲಿ. ಅದೂ ಬಹುಶಃ ‘ಮಾವಾಹ್’ ಹಸುವೇ, ಅಂದರೆ ಪಾಲಿಗೆ ಸಾಕೋದು. ಕರು ಹಾಕಿದರೆ ಒಡೆಯನಿಗೆ ಅರ್ಧ, ಸಾಕಿದವನಿಗೆ ಅರ್ಧ. ಹೋರಿ ಆದರೆ ಕೊಡೋ ದಿನದ ಬೆಲೆ ಮೊದಲೇ ಕಟ್ಟಿ, ಮಾರಿದಾಗ ಮೇಲೆ ಬಂದದ್ದನ್ನ ಹಂಚಿಕೊಳ್ಳೋದು. ಗದ್ದೆಗೂ ಮಾವಾಹ್ ಉಂಟು.

ಈಗ ಗದ್ದೆ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ತಲೆ ಕೆಡಿಸೋದು ಇಲ್ಲಿದೆ. ‘ಗಾಲಾ’. ಕನ್ನಡದಲ್ಲಿ ಹೊಸ ಪದ ಹುಡುಕೋದೇ ಬೇಡ, ಭೋಗ್ಯ. ದುಡ್ಡು ಬೇಕು, ಗದ್ದೆ ಕೊಡ್ತೀರಿ. ದುಡ್ಡು ಕೊಟ್ಟವನು ಬಡ್ಡಿ ಬದಲು ಬೆಳೆ ತಿಂತಾನೆ. ಅಸಲು ವಾಪಸ್ ಕೊಟ್ಟ ದಿನ ಗದ್ದೆ ವಾಪಸ್. ಆದರೆ ಅಸಲು ದುಡ್ಡಿನಲ್ಲಿ ಅಲ್ಲ, ಚಿನ್ನದಲ್ಲಿ. ಅಳತೆ ಮಯಾಮ್. ಒಂದು ಮಯಾಮ್ ಅಂದರೆ ಸುಮಾರು 3.3 ಗ್ರಾಂ. ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡೋ ಮಹರ್ ಕೂಡ ಇದೇ ಮಯಾಮ್ ಲೆಕ್ಕ. 10 ಮಯಾಮ್‌ಗೆ ಗದ್ದೆ ಕೊಟ್ಟರೆ 33 ಗ್ರಾಂ, ನಮ್ಮ ಕರಾವಳಿ ಲೆಕ್ಕದಲ್ಲಿ ನಾಲ್ಕು ಪವನಿಗೆ ಚೂರು ಮೇಲೆ.

ನಮ್ಮ ಭೋಗ್ಯದಲ್ಲಿ ಹತ್ತು ವರ್ಷ ಬಿಟ್ಟರೆ ರೂಪಾಯಿ ಸವೆದಿರುತ್ತೆ, ಬಿಡಿಸೋದು ಹಗುರ. ಇಲ್ಲಿ ಉಲ್ಟಾ. ತಗೊಂಡ ದಿನ ಚಿನ್ನ ಮಾರಿ ಆಸ್ಪತ್ರೆ ಬಿಲ್ ಕಟ್ಟಿರ್ತಾರೆ. ಬಿಡಿಸೋ ದಿನ ಅಷ್ಟೇ ತೂಕದ ಚಿನ್ನ ಅಂಗಡಿಯಲ್ಲಿ ಕೊಳ್ಳಬೇಕು. ಭತ್ತದ ದುಡ್ಡಲ್ಲಿ ಚಿನ್ನ ಕೊಳ್ಳೋದು ಅಂದರೆ ಓಡೋ ಬಸ್ಸು ಹಿಡಿದ ಹಾಗೆ. ಇನ್ನೂ ಒಂದು ಇದೆ: ಗದ್ದೆ ಕೊಟ್ಟವನೇ ಅದೇ ಗದ್ದೆಯಲ್ಲಿ ಮಾವಾಹ್ ಮೇಲೆ ಉಳ್ತಾನೆ. ತನ್ನದೇ ಗದ್ದೆ, ತನ್ನದೇ ಬೆವರು, ಅರ್ಧ ಭತ್ತ ಚಿನ್ನ ಕೊಟ್ಟವನ ಮನೆಗೆ. ಇದು ಹಗಲು ದರೋಡೆ.

ಸರಿ, ದರೋಡೆ ಅನ್ನೋದು ಜಾಸ್ತಿ ಆಯ್ತು. ಚಿನ್ನ ಕೊಟ್ಟವರೂ ಕುಬೇರರಲ್ಲ. ಬಹಳ ಸಲ ಹೆಂಡತಿಯ ಬಳೆಯೇ ಆ ಹತ್ತು ಮಯಾಮ್. 1998ರಲ್ಲಿ ರುಪಿಯಾ ಕುಸಿದದ್ದು ನೋಡಿದವರು ಕಾಗದದ ದುಡ್ಡನ್ನ ನಂಬಿ ಬಳೆ ಬಿಚ್ಚಿ ಕೊಡ್ತಾರಾ? ರಾತ್ರೋರಾತ್ರಿ ಅಷ್ಟು ದುಡ್ಡು ಬೇರೆ ಯಾರು ಕೊಡ್ತಾರೆ?

ಆದರೂ ಕಾನೂನು ಕೇಳಿ. ಇಂಡೋನೇಷ್ಯಾದ 1960ರ 56ನೇ ಕಾನೂನು, 7ನೇ ವಿಧಿ: ಒತ್ತೆ ಇಟ್ಟ ಕೃಷಿಭೂಮಿ ಏಳು ವರ್ಷ ದಾಟಿದರೆ, ಇರೋ ಬೆಳೆ ಕೊಯ್ದ ಒಂದು ತಿಂಗಳೊಳಗೆ ಒಂದು ಪೈಸೆಯೂ ತಗೊಳ್ಳದೆ ವಾಪಸ್. ಏಳು ವರ್ಷ ಆಗಿಲ್ಲ ಅಂದರೆ ಲೆಕ್ಕ ಇದೆ: ಏಳೂವರೆಯಲ್ಲಿ ಕಳೆದ ವರ್ಷ ಕಳೀರಿ, ಏಳರಿಂದ ಭಾಗಿಸಿ, ಅಸಲಿಗೆ ಗುಣಿಸಿ. ನಾಲ್ಕು ವರ್ಷ ಆಗಿದ್ದರೆ ಉಳಿಯೋದು ಮೂರೂವರೆ, ಏಳರಿಂದ ಭಾಗಿಸಿದರೆ ಅರ್ಧ. 10 ಮಯಾಮ್ ಸಾಲಕ್ಕೆ 5 ಕೊಟ್ಟರೆ ಸಾಕು.

ಇಷ್ಟು ಚೆಂದದ ಕಾನೂನು, ಹಳ್ಳಿಯಲ್ಲಿ ಬಳಸೋರು ಅಪರೂಪ. ಬಳಸಿದರೆ ಮುಂದಿನ ಸಲ ಕಷ್ಟ ಬಂದಾಗ ಅವರಿಗೆ ಚಿನ್ನ ಹುಟ್ಟಲ್ಲ, ಅಷ್ಟೇ. ಹಾಗಾಗಿ ಕಾಗದವನ್ನಾದರೂ ಸರಿಯಾಗಿ ಮಾಡಿಸಬೇಕು. ಕೆಚಿಕ್ ಅಂದರೆ ಹಳ್ಳಿಯ ಮುಖ್ಯಸ್ಥ, ಅವರ ಎದುರು ಸಾಕ್ಷಿ ಸಮೇತ. ‘10 ಮಯಾಮ್’ ಅಂತ ಬರೆದರೆ ಸಾಲದು, ಗ್ರಾಂ ಬರೀಬೇಕು, ಎಷ್ಟು ಶುದ್ಧದ ಚಿನ್ನ ಅಂತ ಬರೀಬೇಕು. ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಬರೀಬೇಕು. ಇದು ಗಾಲಾ, ಕ್ರಯ ಅಲ್ಲ ಅಂತಲೂ ಬರೀಬೇಕು. ಇಬ್ಬರೂ ಸತ್ತ ಮೇಲೆ ‘ನಮ್ಮಪ್ಪ ಕೊಂಡದ್ದು’ ಅಂತ ಮಕ್ಕಳು ಎದ್ದು ನಿಲ್ಲೋದು ಇಲ್ಲೇ.

ಚೆಕ್ಕುಬಂದಿ ಅಂದಾಗ ನೆನಪಾಯ್ತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕರಾವಳಿ ಹಳ್ಳಿಗಳ ಗಡಿಮರ, ಬೇಲಿ, ಬದು ಎಲ್ಲ ಹೋಯ್ತು. ಬಂದಾ ಆಚೆಯಲ್ಲಿ ನೆನೆದ ಭೂದಾಖಲೆಗಳನ್ನ ಹೆಪ್ಪುಗಟ್ಟಿಸಿ ಒಣಗಿಸಿ ಉಳಿಸಿಕೊಂಡರು. ದಾಖಲೆಯೇ ಇಲ್ಲದ ಕಡೆ ಉಳಿದ ನೆರೆಹೊರೆಯವರು ಜಾಗದಲ್ಲಿ ನಿಂತು, ಗೂಟ ಹೊಡೆದು, ಒಬ್ಬರ ಗಡಿಗೆ ಇನ್ನೊಬ್ಬರು ಸಹಿ ಹಾಕಿದರು. ಗದ್ದೆಯ ಗಡಿ ಉಳಿಯೋದು ಪಕ್ಕದವನ ಬಾಯಲ್ಲಿ.

ಕಾಲುವೆ ಶಾಟ್ ಬಂತು, ಬೇಗ ಹೇಳಿಬಿಡ್ತೀನಿ. ನೀರು ಯಾವತ್ತು ಬಿಡಬೇಕು, ನಾಟಿ ಯಾವತ್ತು ಅಂತ ಹೇಳೋದು ಕೆಜ್ರುಯೆನ್ ಬ್ಲಾಂಗ್, ನಮ್ಮ ನೀರಗಂಟಿಗಿಂತ ಒಂದು ಕೈ ಮೇಲಿನ ಹುದ್ದೆ. ಮೊದಲು ಗದ್ದೆಯ ಖಂದುರಿ ಊಟ, ಆಮೇಲೆ ಎಲ್ಲರೂ ಒಟ್ಟಿಗೆ ನಾಟಿ. ಒಬ್ಬ ತಿಂಗಳು ತಡ ಮಾಡಿದರೆ ಊರಿನ ಇಲಿಯೆಲ್ಲ ಅವನ ಗದ್ದೆಗೇ. ಕೆಜ್ರುಯೆನ್‌ಗೆ ಸಂಬಳ ಕೊಯ್ಲಾದ ಮೇಲೆ ಭತ್ತದಲ್ಲಿ. ಕೊಯ್ಲು ಮುಗೀತು ಅಂದರೆ ‘ಲುವಾ ಬ್ಲಾಂಗ್’, ದನ ಎಲ್ಲರ ಗದ್ದೆಗೂ ಬಿಡೋ ಕಾಲ, ಆಗ ಬದು ದಾಟಿತು ಅಂತ ಯಾರೂ ಜಗಳ ಆಡೋ ಹಾಗಿಲ್ಲ. ನಾಟಿ ಆದ ಮೇಲೆ ದಾಟಿದರೆ ದನದ ಒಡೆಯ ದಂಡ ಕಟ್ಟಬೇಕು.

ಅರೆ, ಟಕ್ ಟಕ್ ನಿಂತುಹೋಯ್ತು. ಮೋಡ. ಹಪ್ಪಳ ಅರ್ಧ ಒಣಗಿದಾಗ ನೆನೆದರೆ ಬೂಷ್ಟು ಹಿಡಿಯುತ್ತೆ, ಚಾಪೆ ಎತ್ತಬೇಕು. ಕ್ಯಾಮೆರಾ ಬಂದ್.