ಇಕ್ಕೇರಿಯ ಮೆಟ್ಟಿಲು ಮತ್ತು ಶಿಸ್ತಿನ ಕಂದಾಯ

ಕೇಳುಗರೆಲ್ಲರಿಗೂ ನಮಸ್ಕಾರ.

ಸಾಗರದ ಮಗ್ಗುಲಲ್ಲಿರುವ ಇಕ್ಕೇರಿಗೆ ಹೋಗಿ ಅಘೋರೇಶ್ವರ ದೇವಸ್ಥಾನವನ್ನು ನೋಡಿದವರು ನಿಮ್ಮಲ್ಲಿ ಅನೇಕರಿರಬಹುದು. ಮುಂದಿನ ಸಲ ಹೋದಾಗ ಅಲ್ಲಿಯ ಕಲ್ಲಿನ ಮೆಟ್ಟಿಲನ್ನು ಒಂದು ಕ್ಷಣ ನಿಂತು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಒಂದು ಕಾಲದಲ್ಲಿ ಆ ಮೆಟ್ಟಿಲಿನ ಉದ್ದವೇ ಮಲೆನಾಡಿನ ಅಡಿಕೆ ತೋಟಗಳ ಅಳತೆಗೋಲಾಗಿತ್ತು. ಇಂದಿನ ಲೆಕ್ಕದಲ್ಲಿ ಅದು 18 ಅಡಿ 6 ಅಂಗುಲ.

ಇದರ ಮಹತ್ವ ತಿಳಿಯಬೇಕಾದರೆ ವಿಜಯನಗರ ಸಾಮ್ರಾಜ್ಯದ ವ್ಯವಸ್ಥೆಯನ್ನು ನೆನೆಯಬೇಕು. ಅರಸನು ನಾಯಕರಿಗೆ ಸೀಮೆಗಳನ್ನು ‘ಅಮರ’ವೆಂಬ ಜಹಗೀರಾಗಿ ಬಿಟ್ಟುಕೊಡುತ್ತಿದ್ದನು. ನಾಯಕರು ಅದಕ್ಕೆ ಪ್ರತಿಯಾಗಿ ದಂಡನ್ನು ಸಾಕಿ, ಗೊತ್ತಾದ ಹಣವನ್ನು ರಾಜಧಾನಿಗೆ ಸಲ್ಲಿಸಿ, ಉಳಿದುದನ್ನು ತಮ್ಮಲ್ಲಿ ಇಟ್ಟುಕೊಳ್ಳುತ್ತಿದ್ದರು. 1530ರ ದಶಕದಲ್ಲಿ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ರೈತರು ಬೆಳೆಯ ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯರಿಗೆ ಕೊಡುತ್ತಾರೆಂದು ಹೇಳುತ್ತಾನೆ. ಈ ಅಂಕಿಯನ್ನು ನಾನು ಹಾಗೆಯೇ ನಂಬಲಾರೆ. ಹತ್ತರಲ್ಲಿ ಒಂದು ಪಾಲಿನಲ್ಲಿ ಬಿತ್ತನೆಯ ಬೀಜವನ್ನು ತೆಗೆದಿಟ್ಟು ಒಂದು ಸಂಸಾರ ವರ್ಷವಿಡೀ ಉಣ್ಣುವುದು ಆಗದ ಮಾತು. ಆದರೆ ಗದ್ದೆಯಿಂದ ರಾಜಧಾನಿಯ ತನಕ ಧಾನ್ಯ ಎಷ್ಟು ಕೈ ದಾಟುತ್ತಿತ್ತು, ಪ್ರತಿಯೊಂದು ಕೈಯೂ ಎಷ್ಟು ಹಿಡಿದುಕೊಳ್ಳುತ್ತಿತ್ತು ಎಂಬುದನ್ನು ಅವನು ಕಂಡಿದ್ದನೆಂಬುದರಲ್ಲಿ ಸಂಶಯವಿಲ್ಲ.

ಆ ಕಾಲದಲ್ಲಿ ತೆರಿಗೆಯ ವಿನಾಯಿತಿಯೂ ದೊರೆಯುತ್ತಿತ್ತು, ಆದರೆ ಬಹುಮಟ್ಟಿಗೆ ಕೃಪೆಯಾಗಿ. ವಿಜಯನಗರದ ಆಡಳಿತವನ್ನು ಕೈಯಲ್ಲಿ ಹಿಡಿದಿದ್ದ ಅಳಿಯ ರಾಮರಾಯನ ಮೆಚ್ಚುಗೆ ಗಳಿಸಿದ ಕೊಂಡೋಜನೆಂಬ ಕ್ಷೌರಿಕನಿಂದಾಗಿ ಕ್ಷೌರಿಕ ವೃತ್ತಿಯವರಿಗೆ ಹಲವು ತೆರಿಗೆಗಳು ಮಾಫಿಯಾದುದನ್ನು ಶಾಸನಗಳು ದಾಖಲಿಸಿವೆ. ಕೊಂಡೋಜನ ಬಗ್ಗೆ ನನಗೆ ಗೌರವವಿದೆ. ಆದರೂ ದೊರೆಯ ಬಳಿ ಕೊಂಡೋಜನಂಥವನೊಬ್ಬನಿಲ್ಲದ ಕಸುಬಿನವರ ಗತಿಯೇನು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತ ತರುವಾಯ ಸಾಮ್ರಾಜ್ಯ ಕುಗ್ಗಿತು, ನಾಯಕರು ಸ್ವತಂತ್ರರಾಗುತ್ತ ಬಂದರು. ಇಕ್ಕೇರಿಯ ಸೀಮೆಯನ್ನು ಆಳಿದ ಕೆಳದಿಯ ಮನೆತನದಲ್ಲಿ 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಹೆಸರಿನೊಡನೆ ನಮ್ಮ ಜನ ಇಂದಿಗೂ ‘ಶಿಸ್ತು’ ಎಂಬ ಮಾತನ್ನು ಸೇರಿಸಿಯೇ ಹೇಳುತ್ತಾರೆ. ಇಲ್ಲಿ ಶಿಸ್ತು ಎಂದರೆ ನಡತೆಯ ಶಿಸ್ತಲ್ಲ, ನಿಗದಿಪಡಿಸಿದ ಕಂದಾಯ. ಅವನು ಮಾಡಿದ ಕೆಲಸ ಹೀಗಿತ್ತು. ಭೂಮಿಯನ್ನು ಉತ್ತಮದಿಂದ ಅಧಮಾಧಮದವರೆಗೆ 5 ದರ್ಜೆಗಳಾಗಿ ವಿಂಗಡಿಸಿ, ಒಂದೊಂದು ಬಗೆಯ ಗದ್ದೆಯನ್ನೂ ಅರಮನೆಯ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ಬೇಸಾಯಕ್ಕೆ ತಗುಲಿದ್ದೆಷ್ಟು, ಕಣಕ್ಕೆ ಬಂದ ಭತ್ತವೆಷ್ಟು, ಅದಕ್ಕೆ ಸಿಕ್ಕ ಬೆಲೆಯೆಷ್ಟು ಎಂಬುದನ್ನು ಹತ್ತು ವರ್ಷಕ್ಕೂ ಮೀರಿ ಸತತವಾಗಿ ಬರೆಯಿಸಿದನು. ಮಳೆ ಹೆಚ್ಚಿದ ವರ್ಷ, ಮಳೆ ಕೈಕೊಟ್ಟ ವರ್ಷ ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದು, ಉತ್ಪತ್ತಿಯ ಮೂರನೆಯ ಒಂದು ಭಾಗವನ್ನು ಸರ್ಕಾರದ ಪಾಲೆಂದು ಗೊತ್ತುಮಾಡಿದನು. ತೋಟಗಳಿಗೆ ಇಕ್ಕೇರಿಯ ಮೆಟ್ಟಿಲಿನ ಅಳತೆಯ ಕೋಲು. ಆ ಅಳತೆಯಲ್ಲಿ ಒಂದು ಮರಕ್ಕೆ ಸಲ್ಲುವ ಜಾಗಕ್ಕೆ ‘ದಾಯ’ವೆಂದು ಹೆಸರು, ಸಾವಿರ ದಾಯಕ್ಕೆ ಇಷ್ಟು ವರಹ (ಆ ಕಾಲದ ಚಿನ್ನದ ನಾಣ್ಯ) ಎಂದು ತೋಟದ ದರ್ಜೆ ನೋಡಿ ನಿಗದಿ.

ಮರದ ಕೋಲನ್ನು ಮೊಟಕು ಮಾಡಬಹುದು, ಕಡತದ ಬರಹವನ್ನು ತಿದ್ದಬಹುದು. ದೇವಸ್ಥಾನದ ಮೆಟ್ಟಿಲನ್ನು ಯಾವ ಶಾನುಭೋಗನೂ ರಾತ್ರೋರಾತ್ರಿ ಕುಗ್ಗಿಸಲಾರ. ಅನುಮಾನ ಬಂದವರು ಕೋಲನ್ನು ತಂದು ಮೆಟ್ಟಿಲಿಗೆ ಹಿಡಿದು ನೋಡಬಹುದಿತ್ತು. ಕೃಪೆಯ ಜಾಗದಲ್ಲಿ ಅಳತೆ ಬಂದುದನ್ನು ನಾನು ಈ ನಾಡಿನ ದೊಡ್ಡ ಸಂಗತಿಗಳಲ್ಲಿ ಒಂದೆಂದು ಎಣಿಸುತ್ತೇನೆ. ಇದೆಲ್ಲ ಬರಿಯ ದಯೆಯಿಂದ ಆದುದಲ್ಲ. ಕರಾವಳಿಯಲ್ಲಿ ಪೋರ್ಚುಗೀಸರ ಕೋಟೆಗಳನ್ನು ಗೆಲ್ಲುತ್ತಿದ್ದ ಅರಸನಿಗೆ ವರ್ಷವರ್ಷವೂ ತಪ್ಪದೆ ಬರುವ ಆದಾಯ ಬೇಕಿತ್ತು.

ಆದರೆ ಶಿಸ್ತು ಭೂಮಿಯನ್ನು ಅಳೆಯಿತೇ ಹೊರತು ಆ ಭೂಮಿಯಲ್ಲಿ ದುಡಿಯುವವನಿಗೆ ಸಿಗುವ ಪಾಲನ್ನು ಅಳೆಯಲಿಲ್ಲ. ಒಡೆಯನಿಗೂ ಗೇಣಿದಾರನಿಗೂ ನಡುವಿನ ಲೆಕ್ಕ ಅವರವರ ಅಂಗಳಕ್ಕೇ ಬಿಟ್ಟದ್ದಾಗಿತ್ತು. ಅವರಿಗಿಂತಲೂ ಕೆಳಗೆ ಹುಟ್ಟಾಳುಗಳೂ ಮಣ್ಣಾಳುಗಳೂ ಇದ್ದರೆಂದು ಈ ಸೀಮೆಯ ಹಳೆಯ ಗೆಜೆಟಿಯರ್ ಹೇಳುತ್ತದೆ. ಹುಟ್ಟಾಳೆಂದರೆ ಒಡೆಯನ ಮನೆಯ ವಂಶಪಾರಂಪರ್ಯದ ಆಳು. ಮಣ್ಣಾಳೆಂದರೆ ಜಮೀನು ಕೈ ಬದಲಾದಾಗ ಅದರೊಡನೆ ತಾನೂ ಕೈ ಬದಲಾಗುವ ಮನುಷ್ಯ. ಒಂದು ದಾಯದ ಅಳತೆಯನ್ನು ಅಷ್ಟು ಜೋಪಾನವಾಗಿ ಕಾಯ್ದುಕೊಂಡ ನಾಡಿನಲ್ಲಿ ಈ ಎರಡು ಶಬ್ದಗಳೂ ಬಳಕೆಯಲ್ಲಿದ್ದವೆಂಬುದನ್ನು ಓದಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಮುಂದಿನ ಕಥೆ ಬೇಗ ಸಾಗುತ್ತದೆ. ಶಿಸ್ತಿನ ಮೇಲೆ ಪಟ್ಟಿಗಳು, ಅಂದರೆ ಹೆಚ್ಚುವರಿ ತೆರಿಗೆಗಳು, ಏರಿದವು. 1763ರಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರು, ಅಂದರೆ ಇಂದಿನ ನಗರ, ಹೈದರಾಲಿಯ ವಶವಾಯಿತು. ಮುಂದೆ ಮೈಸೂರು ಅರಸರ ಆಡಳಿತ ಬಂದ ಮೇಲೆ, ಇಷ್ಟು ಹಣವನ್ನು ಕಟ್ಟಿಯೇ ಕಟ್ಟುತ್ತೇವೆಂದು ಕಂದಾಯದ ಅಧಿಕಾರಿಗಳಾದ ಅಮಲ್ದಾರರಿಂದ ಬರೆಸಿಕೊಳ್ಳುವ ಶರತ್ತಿನ ಪದ್ಧತಿ ಜಾರಿಯಾಗಿ, ಆ ಮೊತ್ತವನ್ನು ತುಂಬಿಸುವ ಹೊರೆ ರೈತನ ಮೇಲೆ ಬಿತ್ತು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಎದ್ದರು. ಮರುವರ್ಷ ರಾಜ್ಯದ ಆಡಳಿತ ಬ್ರಿಟಿಷರ ಕೈಗೆ ಹೋಯಿತು.

ಇಕ್ಕೇರಿಯಿರುವ ಅದೇ ಸಾಗರ ತಾಲ್ಲೂಕಿನಲ್ಲಿ ಕಾಗೋಡು ಎಂಬ ಊರಿದೆ. 1951ರಲ್ಲಿ ಅಲ್ಲಿಯ ಗೇಣಿದಾರರು ಸತ್ಯಾಗ್ರಹ ಹೂಡಿದಾಗ, ಜಗಳದ ಒಂದು ಮುಖ್ಯ ಕಾರಣ ಗೇಣಿಯ ಭತ್ತ ಅಳೆಯುವ ಕೊಳಗವಾಗಿತ್ತು. ಒಡೆಯರು ತಮ್ಮ ಪಾಲನ್ನು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆ, ಅಳತೆ ಸರಿಯಾಗಬೇಕು ಎಂಬುದು ಗೇಣಿದಾರರ ಕೇಳಿಕೆಯಾಗಿತ್ತು.

ನಮಸ್ಕಾರ.